ಎರೆಮಣ್ಣಿನ ಕಾಲಿಗೆ ಹಿಮದ ಜೋಡು

ನಮ್ಮೂರು ಹುಡಗಿ. ಈ ಹೆಸರು ಹೇಳಿದಾಗಲೆಲ್ಲ ಬೆಂಗಳೂರಿನ ಗೆಳೆಯರು ನಗುತ್ತಾರೆ. 'ಹುಡುಗಿ ಅಲ್ಲಪ್ಪ, ಹುಡಗಿ. ಹುಮನಾಬಾದ್ ತಾಲೂಕು, ಬೀದರ್ ಜಿಲ್ಲೆ' ಅಂತ ಬಿಡಿಸಿ ಹೇಳುವುದು ಇಂಜಿನಿಯರಿಂಗ್ ಹಾಸ್ಟೆಲಿನ ದಿನದಿಂದಲೂ ನನಗೆ ರೂಢಿ. ಅಂಥ ಬಿಸಿಲೂರಿನವನು ಹಿಮದ ಬಗ್ಗೆ ಬರೆಯುವುದು ಏನು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ಹಿಮಕ್ಕೆ ಸರಿಯಾದ ಒಂದು ಪದವೂ ಇಲ್ಲ. ಮಂಜು ಅಂದರೆ ಬೆಳಗಿನ ಜಾವ ಕಡಲೆ ಹೊಲದ ಮೇಲೆ ಕೂತ ಇಬ್ಬನಿ. ಹಿಮ ಅನ್ನೋದು ಪಾಠದ ಪುಸ್ತಕದ ಮಾತು. ಉಳಿದದ್ದು ಬರ್ಫ್. ಬರ್ಫ್ ಅಂದರೆ ಜಾತ್ರೆಯಲ್ಲಿ ಕೆರೆದು, ಕಡ್ಡಿಗೆ ಮೆತ್ತಿ, ಕೆಂಪು ಬಣ್ಣ ಸುರಿದು ಕೊಡುತ್ತಿದ್ದ ಗೋಲಾ.

2014ರ ಫೆಬ್ರುವರಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಬೆಟ್ಟಕ್ಕೆ ಹೋದೆವು. 4,392 ಮೀಟರ್ ಎತ್ತರದ ಜ್ವಾಲಾಮುಖಿ ಅದು. ಅದರ ತೊಡೆಯ ಮೇಲೆ ಪ್ಯಾರಡೈಸ್ ಅನ್ನುವ ಜಾಗ ಇದೆ. 1971-72ರ ಒಂದೇ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ 1,122 ಇಂಚು, ಅಂದರೆ ಇಪ್ಪತ್ತೆಂಟೂವರೆ ಮೀಟರ್. 1998-99ರಲ್ಲಿ ಪಕ್ಕದ ಮೌಂಟ್ ಬೇಕರ್ ಆ ದಾಖಲೆ ಮುರಿಯುವ ತನಕ ಜಗತ್ತಿನಲ್ಲಿ ಅಳೆದು ಬರೆದಿಟ್ಟ ಅತಿ ಹೆಚ್ಚಿನ ಹಿಮ ಅದೇ ಆಗಿತ್ತು.

ಹೋಗಲು ಕಾರಣ ಬೆಟ್ಟ ಅಲ್ಲ. ಕಾರಣ ಮನೆ. ನನ್ನ ಹಾಗೆಯೇ ಬಿಇ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವಳು ನನ್ನ ಹೆಂಡತಿ. ಎಚ್-4 ವೀಸಾದ ಮೇಲೆ ಬಂದವರು ಆಗ ಅಲ್ಲಿ ಕೆಲಸ ಮಾಡುವಂತಿರಲಿಲ್ಲ. ಬೆಳಿಗ್ಗೆ ನಾನು ಆಫೀಸಿಗೆ ಹೋದರೆ ಸಂಜೆ ತನಕ ಕಿಟಕಿ, ಆ ಕಿಟಕಿಯಾಚೆ ಸಿಯಾಟಲ್ ಸೀಮೆಯ ನಿಲ್ಲದ ಜಿಟಿಜಿಟಿ ಮಳೆ. ಒಂದು ಶುಕ್ರವಾರ ಆಕೆಯೇ ಹೇಳಿದಳು: 'ಎಲ್ಲಿಗಾದ್ರೂ ಸರಿ, ಕಾಲು ನೋಯೋ ತನಕ ನಡೀಬೇಕು ನನಗ.'

ಸ್ನೋಶೂಗಳನ್ನು ಬಾಡಿಗೆಗೆ ತಂದೆವು. ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು, ನಡುವೆ ಬಿಗಿದ ರಬ್ಬರಿನಂಥ ಹಾಳೆ, ಕೆಳಗೆ ಹಿಮ ಕಚ್ಚುವ ಹಲ್ಲು. ಬೂಟಿನ ತುದಿ ಮಾತ್ರ ಕಟ್ಟಿರುತ್ತದೆ, ಹಿಮ್ಮಡಿ ಎತ್ತಿದರೆ ಜೋಡಿನ ಬಾಲ ಹಿಮದ ಮೇಲೆ ಎಳೆಯುತ್ತಾ ಬರುತ್ತದೆ. ಮೊದಲ ಹತ್ತು ನಿಮಿಷ ನನ್ನ ಜೋಡನ್ನು ನಾನೇ ತುಳಿದು ಎರಡು ಸಲ ಬಿದ್ದೆ. ಆಕೆ ಬೀಳಲಿಲ್ಲ.

ಇದರ ಲೆಕ್ಕ ಬಹಳ ಸರಳ. ಎಪ್ಪತ್ತು ಕಿಲೋ ತೂಕದವನು ಒಂದು ಕಾಲ ಮೇಲೆ ನಿಂತರೆ ಆ ಭಾರ ಹೆಚ್ಚುಕಮ್ಮಿ 200 ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುತ್ತದೆ. ಹಸಿ ಹಿಮಕ್ಕೆ ಅದು ತಡೆಯುವುದಿಲ್ಲ, ಕಾಲು ತೊಡೆಯವರೆಗೆ ಇಳಿಯುತ್ತದೆ. ಸ್ನೋಶೂ ಹಾಕಿದರೆ ಅದೇ ಭಾರ ಸಾವಿರ ಚದರ ಸೆಂಟಿಮೀಟರಿಗೆ ಹರಡುತ್ತದೆ. ಒತ್ತಡ ಐದನೇ ಒಂದು ಪಾಲು. ಭಾರ ಕಡಿಮೆ ಆಗಿಲ್ಲ, ಹರಡಿದೆ ಅಷ್ಟೇ.

ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮ ಎರೆ ಹೊಲ. ಆಷಾಢದ ಮಳೆ ಬಿದ್ದ ಮರುದಿನ ಕರಿ ಎರೆಯಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಕೆರದ ಅಡಿಗೆ ಮಣ್ಣು ಮೆತ್ತಿಕೊಂಡು, ಅದರ ಮೇಲೆ ಮತ್ತೊಂದು ಪದರ, ಮತ್ತೊಂದು. ಇಪ್ಪತ್ತನೇ ಹೆಜ್ಜೆಗೆ ನಿಮ್ಮ ಕಾಲಲ್ಲಿ ರೊಟ್ಟಿ ಹಂಚಿನಷ್ಟು ಅಗಲದ ಮಣ್ಣಿನ ಜೋಡು ಇರುತ್ತದೆ. ನಮ್ಮಪ್ಪ ಕೆರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ. ಅಗಲ ಪಾದದಲ್ಲಿ ನಡೆಯುವುದು ಹೇಗೆ ಅಂತ ನನಗೆ ಕಲಿಸಿದ್ದು ಆ ಮಣ್ಣೇ. ಆದರೂ ಬಿದ್ದೆ ಅನ್ನೋದು ಬೇರೆ ಮಾತು.

ಅವತ್ತು ರಾತ್ರಿ ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ.

'ಅಲ್ಲೋ, ಆ ಬರ್ಫದಾಗ ಏನ್ ಬೆಳೀತಾರ?'

'ಏನೂ ಬೆಳೆಯಂಗಿಲ್ಲಪ್ಪ. ಸುಮ್ನೆ ನಡೀಲಾಕ ಹೋಗಿದ್ವಿ.'

'ಸುಮ್ನೆ ನಡೀಲಾಕ ಬಾಡಿಗಿ ಕೊಟ್ಟು ಜೋಡು ತಂದೀಯಾ?'

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಸ್ನೋಶೂ ಇತಿಹಾಸಕ್ಕೆ ಬಿದ್ದೆ.

ಸುಮ್ಮನೆ ನಡೆಯಲು ಯಾರೂ ಇದನ್ನು ಮಾಡಿದ್ದಲ್ಲ. 2003ರಲ್ಲಿ ಇಟಲಿ-ಆಸ್ಟ್ರಿಯಾ ಗಡಿಯ ಹಿಮನದಿಯೊಂದರ ಮೇಲೆ, ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ, ಸಿಮೋನೆ ಬಾರ್ತೊಲಿನಿ ಎಂಬ ನಕ್ಷೆ ತಯಾರಕರಿಗೆ ಬಾಗಿಸಿದ ಕಡ್ಡಿ ಮತ್ತು ಹುರಿಯ ಒಂದು ಬಳೆ ಸಿಕ್ಕಿತು. ನೂರು ವರ್ಷದ ಹಿಂದಿನ ಯಾವುದೋ ರೈತನದ್ದಿರಬೇಕು ಅಂದುಕೊಂಡು ಅವರು ಅದನ್ನು ತಮ್ಮ ಆಫೀಸಿನಲ್ಲಿ ಇಟ್ಟುಕೊಂಡಿದ್ದರು. ಎಷ್ಟೋ ವರ್ಷದ ಮೇಲೆ ಕಾಲ ನಿರ್ಣಯ ಮಾಡಿಸಿದಾಗ ಗೊತ್ತಾಯಿತು, ಅದು ಕ್ರಿ.ಪೂ. 3800-3700ರ ಕಾಲದ್ದು. ಈವರೆಗೆ ಸಿಕ್ಕ ಸ್ನೋಶೂಗಳಲ್ಲಿ ಅದೇ ಹಳೆಯದು. 2016ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು.

ಗ್ರೀಕರ ಬರಹದಲ್ಲೂ ಇದರ ಸುಳಿವಿದೆ. ಕ್ರಿ.ಪೂ. 401ರಲ್ಲಿ ಪರ್ಷಿಯಾದಿಂದ ಹತ್ತು ಸಾವಿರ ಗ್ರೀಕ್ ಸೈನಿಕರು ಊರಿಗೆ ಹೊರಟರು. ಅವರನ್ನು ನಡೆಸಿದವರಲ್ಲಿ ಒಬ್ಬ ಕ್ಸೆನೊಫೋನ್. ಆರ್ಮೇನಿಯಾದ ಹಿಮದಲ್ಲಿ ಅವರ ಕುದುರೆಗಳು ಹೊಟ್ಟೆಯವರೆಗೆ ಹೂತುಹೋಗುತ್ತಿದ್ದಾಗ, ಅಲ್ಲಿನ ಒಂದು ಹಳ್ಳಿಯ ಮುಖ್ಯಸ್ಥ ಕುದುರೆಯ ಕಾಲಿಗೆ ಚೀಲ ಕಟ್ಟುವುದನ್ನು ಹೇಳಿಕೊಟ್ಟನಂತೆ. ಕಾಕಸಸ್ ಬೆಟ್ಟದ ಜನ ನಗಾರಿಯಂತೆ ಅಗಲವಾದ, ಮುಳ್ಳು ಹೊಡೆದ, ಎತ್ತಿನ ತೊಗಲಿನ ಜೋಡು ಹಾಕುತ್ತಾರೆ ಅಂತ ಸ್ಟ್ರಾಬೋ ಬರೆದಿದ್ದಾನೆ. ನಮ್ಮ ಕಾಶ್ಮೀರದಲ್ಲಿ ಭತ್ತದ ಹುಲ್ಲನ್ನು ಹೆಣೆದು ಪುಲ್‌ಹೋರ್ ಎಂಬ ಜೋಡು ಮಾಡುತ್ತಿದ್ದರು. ಅದು ಅಗಲದ್ದಲ್ಲ, ಜಾರದಂತೆ ಹಿಡಿತ ಕೊಡುವಂಥದ್ದು. ಯಾವ ಊರಲ್ಲಿ ಏನು ಸಿಗುತ್ತದೋ ಅದನ್ನೇ ಕಾಲಿಗೆ ಕಟ್ಟಿಕೊಂಡಿದ್ದಾರೆ.

ಆದರೆ ಈ ವಿದ್ಯೆ ತುಟ್ಟತುದಿ ಮುಟ್ಟಿದ್ದು ಉತ್ತರ ಅಮೆರಿಕದ ಮೂಲನಿವಾಸಿಗಳ ಕೈಯಲ್ಲಿ. ಕ್ರೀ, ಇನ್ನು, ಒಜಿಬ್ವೆ, ಡೆನೆ ಹೀಗೆ ಒಂದೊಂದು ಜನಾಂಗಕ್ಕೆ ಒಂದೊಂದು ಆಕಾರ. ದಟ್ಟ ಕಾಡಿನಲ್ಲಿ ತಿರುಗಲು ಕರಡಿಯ ಪಾದದಂಥ ಗುಂಡು ಜೋಡು, ಬಯಲಿನಲ್ಲಿ ಓಡಲು ಆಳುದ್ದದ ಚೂಪು ಜೋಡು. ಮರವನ್ನು ಆವಿಯಲ್ಲಿ ಬಾಗಿಸಿ ಚೌಕಟ್ಟು, ಕ್ಯಾರಿಬೂ ಅಥವಾ ಮೂಸ್ ಎಂಬ ಜಿಂಕೆ ಜಾತಿಯ ಪ್ರಾಣಿಗಳ ಹಸಿ ತೊಗಲಿನ ದಾರದಿಂದ ನಡುವೆ ಹೆಣಿಗೆ. ಬಹಳಷ್ಟು ಕಡೆ ಚೌಕಟ್ಟು ಮಾಡುವುದು ಗಂಡಸರ ಕೆಲಸ, ಹೆಣೆಯುವುದು ಹೆಂಗಸರದ್ದು. ಅಂದರೆ ಒಂದು ಜೋಡು ಆಗಬೇಕಾದರೆ ಇಬ್ಬರು ಬೇಕು. ನಮ್ಮ ಭಾಷೆಯಲ್ಲಿ ಜೋಡು ಅನ್ನುವ ಪದಕ್ಕೆ ಇರುವ ಎರಡೂ ಅರ್ಥ ಅಲ್ಲಿ ಕೂಡಿಬಂದಿತ್ತು.

ಫ್ರೆಂಚರು ಬಂದು ಇದನ್ನು ಕಲಿತು ರಾಕೆಟ್ ಎಂದು ಕರೆದರು. ಟೆನಿಸ್ ಬ್ಯಾಟಿಗೂ ಅದೇ ಹೆಸರು. ಕಲಿತದ್ದು ಯುದ್ಧಕ್ಕೂ ಬಂತು. 1704ರ ಫೆಬ್ರುವರಿ 29ರ ನಸುಕಿನಲ್ಲಿ ಫ್ರೆಂಚರು ಮತ್ತು ಅವರ ಜೊತೆಗಾರ ಮೂಲನಿವಾಸಿಗಳು ಮ್ಯಾಸಚೂಸೆಟ್ಸ್‌ನ ಡಿಯರ್‌ಫೀಲ್ಡ್ ಎಂಬ ಹಳ್ಳಿಯ ಮೇಲೆ ಬಿದ್ದರು. ಕೆನಡಾದಿಂದ ಸುಮಾರು ಮುನ್ನೂರು ಮೈಲಿ ಹಿಮದ ದಾರಿ ಸವೆಸಿ ಬಂದಿದ್ದರು. ಬೇಲಿಗೆ ಒತ್ತಿ ನಿಂತ ಹಿಮದ ರಾಶಿಯೇ ಅವರಿಗೆ ಏಣಿಯಾಯಿತು. ನೂರಕ್ಕೂ ಹೆಚ್ಚು ಜನರನ್ನು ಸೆರೆ ಹಿಡಿದು ಅದೇ ಹಿಮದಲ್ಲಿ ನಡೆಸಿಕೊಂಡು ಹೋದರು. 1840ರ ದಶಕಕ್ಕೆ ಬಂದರೆ ಮಾಂಟ್ರಿಯಲ್ಲಿನ ಅನುಕೂಲಸ್ಥರು ಸ್ನೋಶೂ ಕ್ಲಬ್ ಕಟ್ಟಿ, ಟೊಪ್ಪಿಗೆ ಹಾಕಿ, ಮೆರವಣಿಗೆ ಹೋಗುತ್ತಿದ್ದರು. 1970ರ ದಶಕದಲ್ಲಿ ನಾವಿದ್ದ ವಾಷಿಂಗ್ಟನ್ ರಾಜ್ಯದಲ್ಲೇ ಜೀನ್ ಮತ್ತು ಬಿಲ್ ಪ್ರೇಟರ್ ಸಹೋದರರು ಅಲ್ಯೂಮಿನಿಯಂ ಚೌಕಟ್ಟಿನ, ಹಲ್ಲುಳ್ಳ ಜೋಡನ್ನು ಬೆಳೆಸಿದರು. ನಮ್ಮ ಬಾಡಿಗೆ ಜೋಡು ಆ ವಂಶದ್ದು. ಅಪ್ಪನ ಪ್ರಶ್ನೆಗೆ ಉತ್ತರ ಇಷ್ಟೇ: ಹೊಟ್ಟೆಪಾಡಿನ ಸಾಮಾನು ಆಟದ ಸಾಮಾನು ಆಗಲು ಆರು ಸಾವಿರ ವರ್ಷ ಹಿಡಿಯಿತು.

ಈ ಓದಿನಲ್ಲಿ ನನ್ನ ಹೆಂಡತಿಯನ್ನು ಹಿಡಿದು ನಿಲ್ಲಿಸಿದ್ದು ಒಬ್ಬಳೇ ಒಬ್ಬಳು ಹೆಂಗಸು. ಹಡ್ಸನ್ ಬೇ ಕಂಪನಿಯ ಸ್ಯಾಮ್ಯುಯೆಲ್ ಹರ್ನ್ ಎಂಬಾತ 1770ರಿಂದ 1772ರವರೆಗೆ ಡೆನೆ ಜನರ ಜೊತೆ ಕೆನಡಾದ ಉತ್ತರದ ಬಯಲಲ್ಲಿ ನಡೆದ. ಅವನ ಪ್ರವಾಸ ಕಥನ 1795ರಲ್ಲಿ ಅಚ್ಚಾಯಿತು. 1772ರ ಜನವರಿಯ ಒಂದು ದಿನ ಅವನ ಜೊತೆಗಾರರಿಗೆ ಹಿಮದ ಮೇಲೆ ಗುರುತಿಲ್ಲದ ಒಂದು ಸ್ನೋಶೂ ಹೆಜ್ಜೆ ಕಂಡಿತು. ಬೆನ್ನು ಹತ್ತಿ ಹೋದರೆ ಒಂದು ಪುಟ್ಟ ಗುಡಿಸಲು, ಒಳಗೆ ಒಬ್ಬಳೇ ಕುಳಿತ ಹೆಂಗಸು. ಡಾಗ್ರಿಬ್ ಜನಾಂಗದವಳು. 1770ರ ಬೇಸಿಗೆಯಲ್ಲಿ ಬೇರೆ ಗುಂಪಿನವರು ಅವಳನ್ನು ಸೆರೆ ಹಿಡಿದಿದ್ದರು. ಎಳೆಗೂಸನ್ನು ಅವಳ ಕಣ್ಣೆದುರೇ ಕೊಂದಿದ್ದರು. ಮರುವರ್ಷ ತಪ್ಪಿಸಿಕೊಂಡು ಊರಿಗೆ ಹೊರಟಳು. ದಾರಿ ಸಿಗಲಿಲ್ಲ. ಏಳು ತಿಂಗಳಿಂದ ಮನುಷ್ಯರ ಮುಖ ನೋಡಿರಲಿಲ್ಲ. ಬಲೆ ಒಡ್ಡಿ ಮೊಲ ಹಿಡಿದಿದ್ದಳು, ಮೊಲದ ಚರ್ಮದಲ್ಲಿ ಅಂದವಾದ ಬಟ್ಟೆ ಹೊಲಿದುಕೊಂಡಿದ್ದಳು, ಎರಡು ಕಲ್ಲು ತಿಕ್ಕಿ ಹೊತ್ತಿಸಿದ ಬೆಂಕಿಯನ್ನು ಚಳಿಗಾಲವಿಡೀ ಆರದಂತೆ ಕಾಯ್ದಿದ್ದಳು. ಅವಳ ಹತ್ತಿರ ಇದ್ದ ಲೋಹ ಎರಡೇ: ಐದಾರು ಇಂಚು ಕಬ್ಬಿಣದ ಪಟ್ಟಿಯಿಂದ ಮಾಡಿದ ಚಾಕು, ದಬ್ಬಣವಾಗಿ ಬಳಸಿದ ಬಾಣದ ಮೊನೆಯ ತುಂಡು. ಅಷ್ಟರಲ್ಲೇ ಪೂರ್ತಿ ಸ್ನೋಶೂ ಮಾಡಿಕೊಂಡಿದ್ದಳು, ಚೌಕಟ್ಟೂ ಅವಳದೇ ಹೆಣಿಗೆಯೂ ಅವಳದೇ. ಬೇಸಿಗೆಗೆ ಮೀನು ಹಿಡಿಯಲು ಮರದ ನಾರಿನ ಹುರಿ ಹೊಸೆದಿಟ್ಟಿದ್ದಳು. ಅವತ್ತು ಸಂಜೆ ಹರ್ನ್‌ನ ಜೊತೆಗಾರರು ಅವಳನ್ನು ಯಾರು ಹೆಂಡತಿಯಾಗಿ ಇಟ್ಟುಕೊಳ್ಳಬೇಕು ಅಂತ ಕುಸ್ತಿ ಹಿಡಿದರು. ಸುಮಾರು ಹತ್ತು ಜನ ಅವಳನ್ನು ಗೆದ್ದರು, ಸೋತರು.

ಅವಳ ಬುದ್ಧಿಯನ್ನು ಹರ್ನ್ ಬಾಯ್ತುಂಬ ಹೊಗಳಿದ್ದಾನೆ. ಹೆಸರು ಬರೆದಿಲ್ಲ. ಇದನ್ನು ಓದಿ ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ಅಕಿಗಿ ಯಾರಾರ ಕೇಳಿದ್ರಾ, ನೀ ಎಲ್ಲಿಗಿ ಹೋಗಾಕಿದ್ದಿ ಅಂತ?' ನಾನೂ ಆಕೆಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಕೇಳಿರಲಿಲ್ಲ ಅನ್ನುವುದು ಆಗ ತಲೆಗೆ ಹೋಯಿತು.

ಮಾರ್ಚ್ ತಿಂಗಳು ಬಂತು. ಅಪ್ಪನ ಫೋನು. 'ನೋಡೋ, ನಿಮ್ಮ ಬರ್ಫ್ ಇಲ್ಲಿಗೂ ಬಂದದ' ಅಂದ. 2014ರ ಮಾರ್ಚಿನ ಆ ಆಣೆಕಲ್ಲು ಮಳೆ ನೆನಪಿರುವವರಿಗೆ ನೆನಪಿರುತ್ತದೆ. ಬೀದರ್, ಕಲಬುರಗಿ, ಗಡಿಯಾಚೆ ಮಹಾರಾಷ್ಟ್ರ, ಎಲ್ಲ ಕಡೆ ನೆಲ ಬೆಳ್ಳಗಾಗಿತ್ತು. ತಮ್ಮ ಕಳಿಸಿದ ಫೋಟೊದಲ್ಲಿ ನಮ್ಮ ಹೊಲ ಪ್ಯಾರಡೈಸಿನ ಹಾಗೆಯೇ ಕಾಣುತ್ತಿತ್ತು. ವ್ಯತ್ಯಾಸ ಇಷ್ಟೇ, ಆ ಬಿಳಿಯ ಕೆಳಗೆ ಕೊಯ್ಲಿಗೆ ಬಂದ ಬಿಳಿಜೋಳ ಮಲಗಿತ್ತು. ಅಪ್ಪ ಅಳಲಿಲ್ಲ. 'ನಿಮ್ಮ ಬರ್ಫ್' ಅಂದ ಅಷ್ಟೇ. ಆ 'ನಿಮ್ಮ' ಅನ್ನೋದು ನನ್ನ ಎದೆಯಲ್ಲಿ ವರ್ಷಗಟ್ಟಲೆ ಕೂತಿತ್ತು. ಅವತ್ತಿನಿಂದ ನನಗೆ ಊರಿಗೆ ಮರಳುವ ಹುಚ್ಚು ಹಿಡಿಯಿತು.

ಆಗ ಜೊತೆಯಾದವನು ಬಿಲ್ಹಣ. ನಮ್ಮೂರಿನ ಪಕ್ಕದ ಬಸವಕಲ್ಯಾಣ, ಕಲ್ಯಾಣ ಚಾಲುಕ್ಯರ ರಾಜಧಾನಿ. ಮೊದಲನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಅಲ್ಲಿಗೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ನಾವು ಬಿಸಿಲಿನಿಂದ ಹಿಮಕ್ಕೆ ಹೋದವರಾದರೆ, ಬಿಲ್ಹಣ ಹಿಮದಿಂದ ನಮ್ಮ ಬಿಸಿಲಿಗೆ ಬಂದವನು. ಶ್ರೀನಗರದ ಹತ್ತಿರದ ಖೋನಮುಖ ಅವನ ಊರು, ಈಗ ಖೋನಮೊಹ್ ಅನ್ನುತ್ತಾರೆ. ಮಥುರಾ, ಕನೌಜ್, ಪ್ರಯಾಗ, ಕಾಶಿ ಸುತ್ತಿ, ಗುಜರಾತಿನವರ ಉಡುಗೆ-ಮಾತಿನ ಮೇಲೆ ಸಿಡುಕಿ, ಸೋಮನಾಥ ನೋಡಿ, ಕೊನೆಗೆ ಕಲ್ಯಾಣಕ್ಕೆ ಬಂದು ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಆನ್‌ಸೈಟ್ ಹೋಗಿ, ಕಂಪನಿ ಬದಲಿಸಿ ಬದಲಿಸಿ, ದೊಡ್ಡ ಹುದ್ದೆ ಹಿಡಿದ.

ರಾಜನ ಮೇಲೆ ಅವನು ಬರೆದ 'ವಿಕ್ರಮಾಂಕದೇವಚರಿತ' ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1874ರಲ್ಲಿ ಜರ್ಮನ್ ವಿದ್ವಾಂಸ ಜಾರ್ಜ್ ಬ್ಯೂಲರ್‌ಗೆ ಅದರ ಹಸ್ತಪ್ರತಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಸಿಕ್ಕಿತು. ರಾಜನ ಕಥೆ ಮುಗಿದ ಮೇಲೆ ಹದಿನೆಂಟನೆಯ, ಕೊನೆಯ ಸರ್ಗದಲ್ಲಿ ಬಿಲ್ಹಣ ತನ್ನ ಊರಿನ ಬಗ್ಗೆ ಬರೆಯುತ್ತಾನೆ. ಊರಿನ ಒಂದು ಪಾಲು ಕೇಸರಿ ಬೆಳೆಯುತ್ತದಂತೆ, ಇನ್ನೊಂದು ಪಾಲು ದ್ರಾಕ್ಷಿ. ಅಪ್ಪ, ಅಜ್ಜ, ಮುತ್ತಜ್ಜ, ಅಣ್ಣ, ತಮ್ಮ ಎಲ್ಲರ ಹೆಸರೂ ಹೇಳುತ್ತಾನೆ. ಸಂಬಳ ಕೊಟ್ಟ ದೊರೆಗೆ ಹದಿನೇಳು ಸರ್ಗ, ಊರಿಗೆ ಒಂದು.

ಅವನ ಬಗ್ಗೆ ಕಲ್ಹಣನ 'ರಾಜತರಂಗಿಣಿ'ಯಲ್ಲಿ ಬರುವ ಮಾತು ಇನ್ನೂ ಚುರುಕು. ಕರ್ನಾಟದ ದೊರೆ ಪರ್ಮಾಡಿ, ಅಂದರೆ ನಮ್ಮ ವಿಕ್ರಮಾದಿತ್ಯ, ಬಿಲ್ಹಣನಿಗೆ ಎಂಥ ಮರ್ಯಾದೆ ಕೊಟ್ಟಿದ್ದನೆಂದರೆ, ಆನೆಯ ಮೇಲೆ ಹೋಗುವಾಗ ಇವನ ಕೊಡೆ ರಾಜನಿಗಿಂತ ಮುಂದೆ ಕಾಣುತ್ತಿತ್ತು. ಹಾಗಿದ್ದೂ ಕಾಶ್ಮೀರದಲ್ಲಿ ಹರ್ಷ ಎಂಬ ಕವಿಪ್ರಿಯ ರಾಜ ಪಟ್ಟಕ್ಕೆ ಬಂದಿದ್ದಾನೆ ಎಂದು ಕೇಳಿದಾಗ, ಬಿಲ್ಹಣನಿಗೆ ತನ್ನ ಇಷ್ಟೆಲ್ಲ ವೈಭವ ಬರೀ ಮೋಸ ಅನ್ನಿಸಿತಂತೆ. ಹರ್ಷ ಆಳಿದ್ದು 1089ರಿಂದ 1101ರವರೆಗೆ. ತಮಾಷೆ ನೋಡಿ, ಅದೇ ಹರ್ಷನಿಗೆ ಇತ್ತ ದಕ್ಷಿಣದ ಶೋಕಿ. ಕರ್ನಾಟದ ನಾಣ್ಯವನ್ನು ನೋಡಿ ಅದೇ ಮಾದರಿಯಲ್ಲಿ ತನ್ನ ನಾಣ್ಯ ಹೊಡೆಸಿದ ಅನ್ನುತ್ತಾನೆ ಕಲ್ಹಣ. ಕಲ್ಯಾಣದಲ್ಲಿದ್ದವನಿಗೆ ಕಾಶ್ಮೀರದ ಕನಸು, ಕಾಶ್ಮೀರದಲ್ಲಿದ್ದವನಿಗೆ ಕಲ್ಯಾಣದ್ದು.

ನಾನು ಬಿಲ್ಹಣನನ್ನು ಮುಂದಿಟ್ಟುಕೊಂಡು ಹೆಂಡತಿಯ ಎದುರು ವಾದ ಮಾಡಿದೆ. ಹೋಗಿಬಿಡೋಣ, ಅಪ್ಪ ಒಬ್ಬನೇ ಇದ್ದಾನೆ, ಹೊಲ ಇದೆ. ಅಷ್ಟರಲ್ಲಿ 2015 ಬಂತು. ಆ ವರ್ಷದ ಮೇ 26ರಿಂದ, ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಕೆಲಸ ಮಾಡಲು ಅನುಮತಿ ಕೇಳುವ ಅವಕಾಶ ಸಿಕ್ಕಿತು. ಆಕೆ ಅರ್ಜಿ ಹಾಕಿದಳು. ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಎರಡು ಜೊತೆ ಸ್ನೋಶೂ ತಂದಳು, ಸ್ವಂತದ್ದು. ನಾನು ಊರು ಅಂದಾಗ ಹೇಳಿದ ಮಾತು: 'ನೀವು ಎರಡು ವರ್ಷ ಆಫೀಸಿಗಿ ಹೋಗಿ ಬಂದ್ರಿ. ನಾ ಈಗ ಬಂದೀನ್ರಿ ಈ ದೇಶಕ್ಕ.'

ಜಗಳ ಆಯಿತು. ಸುಳ್ಳೇಕೆ ಹೇಳಲಿ, ವಾರಗಟ್ಟಲೆ ಆಯಿತು. ಆದರೂ ಶನಿವಾರ ಬೆಟ್ಟಕ್ಕೆ ಹೋಗುವುದು ತಪ್ಪಲಿಲ್ಲ. ಹೊಸ ಹಿಮದಲ್ಲಿ ಮುಂದೆ ನಡೆಯುವವರಿಗೆ ಕಷ್ಟ ಜಾಸ್ತಿ, ಪ್ರತಿ ಹೆಜ್ಜೆಗೂ ಹಿಮ ತುಳಿದು ಗಟ್ಟಿ ಮಾಡಬೇಕು. ಹಿಂದಿನವರು ಆ ಹೆಜ್ಜೆಯ ಮೇಲೆ ಕಾಲಿಟ್ಟರೆ ಸಾಕು. ಅದಕ್ಕೇ ಸರದಿ ಮೇಲೆ ಮುಂದೆ ಹೋಗುತ್ತಾರೆ. ಎರಡು ವರ್ಷ ನಾನು ಮುಂದಿದ್ದೆ. ಈಗ ಆಕೆಯ ಸರದಿ ಅಂತ ಒಪ್ಪಿಕೊಳ್ಳಲು ನನಗೆ ಒಂದು ಚಳಿಗಾಲ ಬೇಕಾಯಿತು. ಅಪ್ಪನಿಗೆ ಫೋನ್ ಮಾಡಿ 'ಇನ್ನ ಮೂರು ವರ್ಷ' ಅಂದೆ. 'ಆತು' ಅಂದ. 2018ರಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿ, ಇಬ್ಬರಿಗೂ ಕೆಲಸ ಹುಡುಕಿಕೊಂಡು, ಬೆಂಗಳೂರಿಗೆ ಬಂದೆವು.

ಆ ವರ್ಷದ ಮಳೆಗಾಲದಲ್ಲಿ ಊರಿಗೆ ಹೋದಾಗ ಆಕೆ ಮೊಳಕೇರಾ ನೋಡಬೇಕು ಅಂದಳು. ನಮ್ಮ ತಾಲೂಕಿನದೇ ಊರು, ಮೋಳಿಗೆಯ ಮಾರಯ್ಯ-ಮಹಾದೇವಿಯರ ಗವಿ ಇರುವ ಜಾಗ. ನಾನು ಚಿಕ್ಕಂದಿನಿಂದ ಹೆಸರು ಕೇಳಿದ್ದೇನೆ, ಗಮನ ಕೊಟ್ಟಿರಲಿಲ್ಲ. ಶರಣರ ಪುರಾಣಗಳು ಹೇಳುವಂತೆ ಇವರು ಕಾಶ್ಮೀರದ ರಾಜ-ರಾಣಿ, ಮಹಾದೇವ ಭೂಪಾಲ ಮತ್ತು ಗಂಗಾದೇವಿ. ಬಸವಣ್ಣನ ಹೆಸರು ಕೇಳಿ ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದರು. ಮೋಳಿಗೆ ಅಂದರೆ ಕಟ್ಟಿಗೆಯ ಹೊರೆ. ಗಂಡ ಕಾಡಿನಿಂದ ಕಟ್ಟಿಗೆ ತಂದು ಮಾರುವುದು, ಹೆಂಡತಿ ಅಂಬಲಿ ಕಾಸಿ ಬಂದವರಿಗೆ ಬಡಿಸುವುದು. ಬಸವಣ್ಣ ಗುಟ್ಟಾಗಿ ಹೊನ್ನಿನ ಗಂಟು ಇಟ್ಟುಹೋದರೆ ಅದನ್ನು ಮುಟ್ಟದೆ ಜಂಗಮರಿಗೆ ಹಂಚಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ರಾಜ-ರಾಣಿ ಅನ್ನೋದು ಪುರಾಣದ ಮಾತು, ಇರಲಿ. ಅವರ ವಚನಗಳು ಮಾತ್ರ ನಮ್ಮ ಕೈಯಲ್ಲಿವೆ. ಮಾರಯ್ಯನ ಅಂಕಿತ 'ನಿಃಕಳಂಕ ಮಲ್ಲಿಕಾರ್ಜುನ'. ಮಹಾದೇವಿಯ ಅಂಕಿತದಲ್ಲಿ ಅದೇ ಹೆಸರಿನ ಹಿಂದೆ 'ಇಮ್ಮಡಿ' ಸೇರಿದೆ.

'ಶೂನ್ಯಸಂಪಾದನೆ'ಯಲ್ಲಿ ಈ ದಂಪತಿಗಳ ಒಂದು ಪ್ರಸಂಗ ಬರುತ್ತದೆ. ಮಾರಯ್ಯನಿಗೆ ಇನ್ನು ಸಾಕು, ಹೋಗಬೇಕು ಅನ್ನುವ ಬಯಕೆ ಹುಟ್ಟುತ್ತದೆ. ಆಗ ಅವನನ್ನು ತಡೆದು ನಿಲ್ಲಿಸಿ, ಹೋಗುವುದು ಎಲ್ಲಿಗೆ, ಇಲ್ಲಿ ಇಲ್ಲದ್ದು ಅಲ್ಲಿ ಏನಿದೆ ಅಂತ ಕೇಳುವವಳು ಹೆಂಡತಿ. ಅವನು ಕೇಳಿಸಿಕೊಳ್ಳುತ್ತಾನೆ. ಗವಿಯ ಬಾಗಿಲಲ್ಲಿ ನಿಂತು ಇದನ್ನು ಹೇಳಿದಾಗ ನನ್ನ ಹೆಂಡತಿ ನಕ್ಕಳು. 'ಬಿಲ್ಹಣನ ಕಥಿ ನನಗ ಹತ್ತು ಸರ್ತಿ ಹೇಳಿದ್ರಿ. ಇದೊಂದು ಯಾಕ ಹೇಳಲಿಲ್ಲ?' ಅಂದಳು. ಗೊತ್ತಿರಲಿಲ್ಲ ಅಂದೆ. ಅದು ನಿಜ ಕೂಡ.

ಸ್ನೋಶೂಗಳನ್ನು ಮಾರದೆ ಊರಿಗೆ ತಂದಿದ್ದೆವು. ಅಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿದ. ಹಲ್ಲು ಮುಟ್ಟಿದ. ಮರುದಿನ ಮಳೆ ನಿಂತ ಮೇಲೆ ನಾವು ಚಹಾ ಕುಡಿಯುತ್ತಿದ್ದಾಗ ಹೊಲದ ಕಡೆಯಿಂದ ಕೂಗು ಬಂತು. ಹೋಗಿ ನೋಡಿದರೆ ತೊಗರಿ ಸಾಲಿನ ನಡುವೆ ಅಪ್ಪ ನಿಂತಿದ್ದಾನೆ, ಎರಡೂ ಕಾಲಿಗೆ ಸ್ನೋಶೂ. ಒಂದೊಂದಕ್ಕೂ ಮಂಕರಿ ತುಂಬುವಷ್ಟು ಎರೆಮಣ್ಣು ಹತ್ತಿದೆ. ಕಾಲು ಎತ್ತಲು ಆಗುತ್ತಿಲ್ಲ. ಇಬ್ಬರೂ ಎರಡು ಕಡೆಯಿಂದ ಹಿಡಿದು, ಪಟ್ಟಿ ಬಿಚ್ಚಿ, ಬರಿಗಾಲಲ್ಲಿ ದಂಡೆಗೆ ತಂದೆವು.

'ಬರ್ಫಕ್ಕ ನಡೀತಾವ ಇವು' ಅಂದ ಅಪ್ಪ, ಉಸಿರು ಬಿಡುತ್ತಾ. 'ನಮ್ಮ ಎರಿಗಿ ನಡ್ಯಂಗಿಲ್ಲ.'

ತೊಳೆದು ಒಣಗಿಸಿ ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದೇವೆ. ಬಾರಕೋಲಿನ ಪಕ್ಕದಲ್ಲಿ ಇನ್ನೂ ಅಲ್ಲೇ ಇವೆ. ಊರಿಗೆ ಬಂದವರೆಲ್ಲ ಇವೇನು ಅಂತ ಕೇಳುತ್ತಾರೆ. ಅಪ್ಪನೇ ಹೇಳುತ್ತಾನೆ: 'ನಮ್ಮ ಹುಡುಗೂರು ಬರ್ಫದಾಗ ನಡೆದ ಜೋಡು.'